ಸಂಜೆ ನಾಲ್ಕರಿಂದ ಆರು: ಕಾಫಿ ಕೊಯ್ಲಿನ ಹೊರೆಗೆ ಕ್ಲೌಡ್ ಸಜ್ಜು ಮಾಡಿದ ಬಗೆ

ಚಿಕ್ಕಮಗಳೂರು ಸುತ್ತಲಿನ ಕಾಫಿ ತೋಟಗಳ ಹಣ್ಣಿನ ತೂಕ, ಕೂಲಿ ಲೆಕ್ಕ, ವಾರದ ಬಟವಾಡೆ ಇಷ್ಟನ್ನೂ ಮೊಬೈಲಿನಲ್ಲಿ ಬರೆದಿಡುವ ಸಾಫ್ಟ್‌ವೇರ್ ಒಂದನ್ನು ನಾನು ಕ್ಲೌಡ್ ಮೇಲೆ ನಡೆಸುತ್ತೇನೆ. ಇಲ್ಲಿ ಹೊರೆ ಯಾವಾಗ ಬೀಳುತ್ತದೆ ಎಂದು ಊಹಿಸಬೇಕಾಗಿಲ್ಲ. ನವೆಂಬರ್ ಕೊನೆಗೆ ಅರೇಬಿಕಾ, ಜನವರಿಯಿಂದ ರೊಬಸ್ಟಾ, ದಿನದಲ್ಲಿ ಸಂಜೆ ನಾಲ್ಕರಿಂದ ಆರು. ಬೆಳಗ್ಗೆಯಿಂದ ಕುಯ್ದ ಹಣ್ಣು ತಕ್ಕಡಿಗೆ ಬರುವುದೇ ಆಗ. ಎಲ್ಲ ತೋಟದ ರೈಟರುಗಳೂ (ಲೆಕ್ಕ ಬರೆಯುವ ಗುಮಾಸ್ತರು) ಒಂದೇ ಹೊತ್ತಿಗೆ ತೂಕ ಬರೆಯುತ್ತಾರೆ. ಉಳಿದ ಹೊತ್ತು ಸರ್ವರ್ ಹೆಚ್ಚುಕಡಿಮೆ ಸುಮ್ಮನಿರುತ್ತದೆ.

ಹಾಗಾಗಿ ಸಿಪಿಯು ಬಳಕೆ ಏರಿದ ಮೇಲೆ ಸರ್ವರ್ ಯಂತ್ರಗಳನ್ನು ತಾನಾಗಿ ಸೇರಿಸುವ ಆಟೋ ಸ್ಕೇಲಿಂಗನ್ನು ನಾನು ಮುಖ್ಯ ದಾರಿಯಾಗಿ ಇಟ್ಟುಕೊಂಡಿಲ್ಲ. ಅಳತೆ ಬಂದು, ಅಲಾರಂ ಹೊಡೆದು, ಹೊಸ ಯಂತ್ರ ಎದ್ದು, ರಿಕ್ವೆಸ್ಟ್‌ಗಳನ್ನು ಯಂತ್ರಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ಅದನ್ನು ಒಪ್ಪಿಕೊಳ್ಳುವ ಹೊತ್ತಿಗೆ ಐದಾರು ನಿಮಿಷ ಕಳೆದಿರುತ್ತದೆ. ಅಷ್ಟರಲ್ಲಿ ತಕ್ಕಡಿಯ ಮುಂದೆ ಸಾಲು ನಿಂತಿರುತ್ತದೆ. ಅದರ ಬದಲು ವೇಳಾಪಟ್ಟಿ ಹಾಕಿದ್ದೇನೆ: 3:30ಕ್ಕೆ ಎರಡು ಯಂತ್ರ ನಾಲ್ಕಾಗಬೇಕು, ರಾತ್ರಿ 8ಕ್ಕೆ ಮತ್ತೆ ಎರಡಕ್ಕೆ ಇಳಿಯಬೇಕು. ಸಿಪಿಯು ಶೇ 50 ಎಂಬ ಗುರಿ ಅದರ ಮೇಲಿನ ಕಾವಲು ಮಾತ್ರ. ವೇಳಾಪಟ್ಟಿಯಲ್ಲಿ ಟೈಂ ಝೋನ್ ಏಷ್ಯಾ/ಕೋಲ್ಕತಾ ಎಂದು ನಮೂದಿಸುವುದನ್ನು ಮರೆಯಬೇಡಿ. ಬಿಟ್ಟರೆ ಅದು ಯುಟಿಸಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಎಂದು ಹಿಡಿದು, 15:30 ಎಂದು ಬರೆದದ್ದು ನಮ್ಮ ರಾತ್ರಿ 9ಕ್ಕೆ ನಡೆಯುತ್ತದೆ.

ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯೂಎಸ್‌ನ ಮುಂಬೈ ರೀಜನ್‌ನಲ್ಲಿ (ಅದರ ಡೇಟಾ ಸೆಂಟರ್‌ಗಳಿರುವ ಪ್ರದೇಶ) ದಿನವಿಡೀ ಇರುವ ಎರಡು ಯಂತ್ರ ಟಿ3.ಮೀಡಿಯಂ: ಎರಡು ವಿಸಿಪಿಯು (ವರ್ಚುವಲ್ ಸಿಪಿಯು), 4 ಜಿಬಿ ಮೆಮೊರಿ. ಒಂದು ಯಂತ್ರಕ್ಕೆ ಗಂಟೆಗೆ 24 ಕ್ರೆಡಿಟ್ (ಒಂದು ಕ್ರೆಡಿಟ್ ಎಂದರೆ ಒಂದು ವಿಸಿಪಿಯು ಒಂದು ನಿಮಿಷ ಪೂರ್ತಿ ದುಡಿಯುವಷ್ಟು) ಸೇರುತ್ತದೆ, ಗರಿಷ್ಠ 576ರ ವರೆಗೆ ಕೂಡಿಡಬಹುದು. ಎರಡೂ ವಿಸಿಪಿಯು ಎರಡು ಗಂಟೆ ಪೂರ್ತಿ ದುಡಿದರೆ ಖರ್ಚಾಗುವುದು 240. ದಿನವೆಲ್ಲ ಕೂಡಿಟ್ಟು ಸಂಜೆ ಖರ್ಚು ಮಾಡುವ ನಮ್ಮಂಥ ಕೆಲಸಕ್ಕೆ ಇದು ಹೇಳಿ ಮಾಡಿಸಿದ್ದು. ಆದರೆ ಸಂಜೆಗಷ್ಟೇ ಏಳುವ ಯಂತ್ರಕ್ಕೆ ಟಿ3 ಬೇಡ. ಅದು ಕೈಯಲ್ಲಿ ಕ್ರೆಡಿಟ್ ಇಲ್ಲದೆ ಹುಟ್ಟುತ್ತದೆ, ಅನ್‌ಲಿಮಿಟೆಡ್ ಮೋಡ್‌ನಲ್ಲಿ ಸಾಲ ತೆಗೆಯುತ್ತದೆ, ನಿಲ್ಲಿಸುವಾಗ ಆ ಸಾಲ ಬಿಲ್ಲಿಗೆ ಬರುತ್ತದೆ. ಸಂಜೆ ಏಳುವ ಎರಡು ಯಂತ್ರಕ್ಕೆ ಕ್ರೆಡಿಟ್ ಲೆಕ್ಕವಿಲ್ಲದ ಸಿ ಸಾಲಿನವನ್ನು ಹಾಕುತ್ತೇನೆ.

ಯಂತ್ರ ಹೆಚ್ಚಿಸಿದಷ್ಟೂ ಪೆಟ್ಟು ಬೀಳುವುದು ಡೇಟಾಬೇಸಿಗೆ. ಲೆಕ್ಕ ಹೀಗಿದೆ. 4 ಜಿಬಿಯಲ್ಲಿ 600 ಎಂಬಿ ಆಪರೇಟಿಂಗ್ ಸಿಸ್ಟಂಗೆ ಬಿಡಿ. ನನ್ನ ಪಿಎಚ್‌ಪಿ ವರ್ಕರ್ (ಒಂದು ಸಲಕ್ಕೆ ಒಂದು ರಿಕ್ವೆಸ್ಟ್ ನೋಡಿಕೊಳ್ಳುವ ಪ್ರೊಸೆಸ್) ಒಂದಕ್ಕೆ ಸುಮಾರು 80 ಎಂಬಿ ಬೇಕು, ಅಂದರೆ ಯಂತ್ರಕ್ಕೆ 40 ವರ್ಕರ್. ನಾಲ್ಕು ಯಂತ್ರ ಎದ್ದರೆ, ವರ್ಕರ್‌ಗೊಂದರಂತೆ ಡೇಟಾಬೇಸಿಗೆ 160 ಕನೆಕ್ಷನ್. ನನ್ನ ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್‌ನಲ್ಲಿ ಒಂದೊಂದು ಕನೆಕ್ಷನ್ನೂ ಬೇರೆಯೇ ಪ್ರೊಸೆಸ್. ಎರಡು ವಿಸಿಪಿಯುವಿನ ಡೇಟಾಬೇಸ್ ಕನೆಕ್ಷನ್ ಮಿತಿಯೊಳಗಿದ್ದರೂ 160 ಪ್ರೊಸೆಸ್‌ಗಳ ನಡುವೆ ಹೊರಳಾಡಿಯೇ ಸುಸ್ತಾಗುತ್ತದೆ. ನಡುವೆ ಕನೆಕ್ಷನ್‌ಗಳನ್ನು ಹಂಚಿಕೊಡುವ ಪಿಜಿಬೌನ್ಸರ್ ಕೂರಿಸಿ, ಟ್ರಾನ್ಸಾಕ್ಷನ್ ಮೋಡ್‌ನಲ್ಲಿ (ಒಂದು ಟ್ರಾನ್ಸಾಕ್ಷನ್ ಮುಗಿದೊಡನೆ ಕನೆಕ್ಷನ್ ಬೇರೆಯವರಿಗೆ) ಪೂಲ್ ಗಾತ್ರ 20ಕ್ಕೆ ಕಟ್ಟಿದ್ದೇನೆ. ಕಾಯುವವರು ಬೌನ್ಸರ್ ಬಳಿ ಕಾಯುತ್ತಾರೆ, ಡೇಟಾಬೇಸ್ ಒಂದೇ ವೇಗದಲ್ಲಿ ಕೆಲಸ ಮಾಡುತ್ತದೆ. ಆದರೆ ಈ ಮೋಡ್‌ನಲ್ಲಿ ಸೆಷನ್‌ಗೆ ಅಂಟಿಕೊಂಡ ಸೆಟ್ಟಿಂಗ್, ಸೆಷನ್ ಮಟ್ಟದ ಅಡ್ವೈಸರಿ ಲಾಕ್ (ಅಪ್ಲಿಕೇಶನ್ ತಾನೇ ಹಾಕಿಕೊಳ್ಳುವ ಬೀಗ) ಇವನ್ನು ನೆಚ್ಚುವಂತಿಲ್ಲ. ಕೋಡ್‌ನಲ್ಲಿ ಅವಿದ್ದರೆ ಮೊದಲು ತೆಗೆಯಿರಿ.

ಇನ್ನು ಮಲೆನಾಡಿಗೇ ವಿಶೇಷವಾದ ಹೊರೆ. ಕರೆಂಟ್ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಟವರ್‌ನ ಬ್ಯಾಟರಿಯೂ ಮುಗಿಯುತ್ತದೆ, ಇಡೀ ಕಣಿವೆಯ ಫೋನುಗಳು ತೂಕಗಳನ್ನು ತಮ್ಮಲ್ಲೇ ಕೂಡಿಟ್ಟುಕೊಳ್ಳುತ್ತವೆ. ಟವರ್ ಮತ್ತೆ ಎದ್ದ ಕ್ಷಣ ಎಲ್ಲವೂ ಒಟ್ಟಿಗೆ ನುಗ್ಗುತ್ತವೆ. 240 ಫೋನು, ಒಂದೊಂದರಲ್ಲಿ 150 ತೂಕ, ತೂಕಕ್ಕೊಂದು ರಿಕ್ವೆಸ್ಟ್ ಎಂದರೆ 36,000 ರಿಕ್ವೆಸ್ಟ್. ಯಂತ್ರ ಸೇರಿಸಿ ಇದನ್ನು ಗೆಲ್ಲಲು ಹೋಗುವುದು ದುಡ್ಡು ದಂಡ. ಮದ್ದು ಇರುವುದು ಫೋನಿನಲ್ಲಿ. ಮೊದಲನೆಯದಾಗಿ 50 ತೂಕಗಳನ್ನು ಒಂದು ಕಟ್ಟು ಮಾಡಿ ಕಳಿಸಬೇಕು. 36,000 ಆಗ 720ಕ್ಕೆ ಇಳಿಯುತ್ತದೆ. ಎರಡನೆಯದಾಗಿ ನೆಟ್‌ವರ್ಕ್ ಬಂದ ಕೂಡಲೇ ಕಳಿಸದೆ, ಸೊನ್ನೆಯಿಂದ 120 ಸೆಕೆಂಡ್ ನಡುವೆ ಮನಬಂದಷ್ಟು ಕಾದು ಕಳಿಸಬೇಕು. ಸೋತರೆ 2, 4, 8 ಸೆಕೆಂಡ್ ಎಂದು ದುಪ್ಪಟ್ಟು ಮಾಡುತ್ತಾ ಐದು ನಿಮಿಷದವರೆಗೆ ಏರಿಸಬೇಕು. ಪ್ರತಿ ಸಲವೂ ಅದಕ್ಕೊಂದಿಷ್ಟು ಏರುಪೇರು ಬೆರೆಸಬೇಕು, ಇಲ್ಲದಿದ್ದರೆ ಒಟ್ಟಿಗೆ ಸೋತವು ಒಟ್ಟಿಗೇ ಮರಳಿ ಬರುತ್ತವೆ.

ಮೂರನೆಯದು ಕೂಲಿಯ ನ್ಯಾಯಕ್ಕೆ ಸಂಬಂಧಿಸಿದ್ದು. ರೈಟರ್ 38.5 ಕೆಜಿ ಎಂದು ಒತ್ತುತ್ತಾನೆ, ಸರ್ವರ್ ಬರೆದುಕೊಳ್ಳುತ್ತದೆ, 'ಆಯಿತು' ಎಂಬ ಉತ್ತರ ಫೋನು ಮುಟ್ಟುವ ಮೊದಲೇ ಸಿಗ್ನಲ್ ಸಾಯುತ್ತದೆ. ಫೋನು ಮತ್ತೆ ಕಳಿಸುತ್ತದೆ, ಲೆಕ್ಕದಲ್ಲಿ 77 ಕೆಜಿ ಕೂರುತ್ತದೆ. ಬಟವಾಡೆಯ ದಿನ ಆ ಹಣ್ಣು ಕುಯ್ದ ಹೆಣ್ಣುಮಗಳ ಮುಂದೆ ಹಣ ಹಿಂದೆ ಕೇಳುವ ಸ್ಥಿತಿ ಯಾರಿಗೂ ಬರಬಾರದು. ತೂಕ ಬರೆದ ಕ್ಷಣದಲ್ಲೇ ಫೋನು ಒಂದು ಯುಯುಐಡಿ (ಬೇರೆಲ್ಲೂ ಮರುಕಳಿಸದ ಗುರುತಿನ ಸಂಖ್ಯೆ) ಹುಟ್ಟಿಸಬೇಕು, ಎಷ್ಟು ಸಲ ಕಳಿಸಿದರೂ ಅದೇ ಇರಬೇಕು. ಡೇಟಾಬೇಸ್‌ನಲ್ಲಿ ಆ ಕಾಲಂಗೆ ಯೂನೀಕ್ ಇಂಡೆಕ್ಸ್ ಹಾಕಿ, ಇನ್ಸರ್ಟ್‌ಗೆ 'ಆನ್ ಕಾನ್‌ಫ್ಲಿಕ್ಟ್ ಡು ನಥಿಂಗ್' (ಅದೇ ಗುರುತು ಮೊದಲೇ ಇದ್ದರೆ ಏನೂ ಮಾಡಬೇಡ) ಸೇರಿಸಬೇಕು. ಮರಳಿ ಬಂದದ್ದಕ್ಕೂ ಎರರ್ ಕೊಡದೆ 'ಆಯಿತು' ಎಂದೇ ಉತ್ತರಿಸಬೇಕು, ಇಲ್ಲದಿದ್ದರೆ ಫೋನು ಕಳಿಸುತ್ತಲೇ ಇರುತ್ತದೆ.

ಯಂತ್ರ ಸರಿಯಿದೆಯೇ ಎಂದು ಲೋಡ್ ಬ್ಯಾಲೆನ್ಸರ್ ಆಗಾಗ ಕೇಳುವ ಹೆಲ್ತ್ ಚೆಕ್ ಬಗ್ಗೆ ಒಂದು ಎಚ್ಚರಿಕೆ. ಲೋಡ್ ಬ್ಯಾಲೆನ್ಸರ್ ಕೇಳುವ ವಿಳಾಸದಲ್ಲಿ ಡೇಟಾಬೇಸನ್ನೂ ಪರೀಕ್ಷಿಸುವುದು ಒಳ್ಳೆಯ ಅಭ್ಯಾಸದಂತೆ ಕಾಣುತ್ತದೆ. ಆದರೆ ಡೇಟಾಬೇಸ್ ಒಂದು ನಿಮಿಷ ನಿಧಾನವಾದರೆ ಸಾಕು, ಎಲ್ಲ ಯಂತ್ರಗಳೂ ಒಟ್ಟಿಗೆ 'ಅಸ್ವಸ್ಥ' ಎನಿಸಿಕೊಳ್ಳುತ್ತವೆ. ಆಟೋ ಸ್ಕೇಲಿಂಗ್ ಗ್ರೂಪ್ ಆ ಉತ್ತರವನ್ನೇ ನಂಬುವಂತಿದ್ದರೆ ಚೆನ್ನಾಗಿದ್ದ ಯಂತ್ರಗಳನ್ನೂ ಕೊಲ್ಲುತ್ತದೆ. ಆ ವಿಳಾಸ ಅಪ್ಲಿಕೇಶನ್ ಬದುಕಿದೆಯೇ ಎಂದಷ್ಟೇ ಹೇಳಲಿ. ಡೇಟಾಬೇಸ್‌ಗೆ ಬೇರೆ ಅಲಾರಂ ಇರಲಿ.

ಡೇಟಾಬೇಸ್ ಇರುವ ಎಡಬ್ಲ್ಯೂಎಸ್ ಸೇವೆ ಆರ್‌ಡಿಎಸ್ ತಾನಾಗಿ ತೆಗೆಯುವ ಬ್ಯಾಕಪ್ಪನ್ನು ಗರಿಷ್ಠ 35 ದಿನ ಇಟ್ಟುಕೊಳ್ಳಬಹುದು. ಒಂದು ಪ್ರತಿಯನ್ನು ಹೈದರಾಬಾದ್ ರೀಜನ್‌ಗೂ ಕಳಿಸುತ್ತೇನೆ. ರೀಸ್ಟೋರ್ ಮಾಡಿದಾಗ ಹಳೆಯದು ಸರಿಹೋಗುವುದಿಲ್ಲ, ಬೇರೆ ವಿಳಾಸದ ಹೊಸ ಡೇಟಾಬೇಸ್ ಏಳುತ್ತದೆ. ಮೊದಮೊದಲು ಅದು ನಿಧಾನ, ಏಕೆಂದರೆ ಡೇಟಾದ ತುಣುಕುಗಳು ಕೇಳಿದಾಗಲೇ ಎಸ್3 ಎಂಬ ಫೈಲ್ ಸಂಗ್ರಹದಿಂದ ಇಳಿಯುತ್ತವೆ. ಅದಕ್ಕೇ ಅಕ್ಟೋಬರ್‌ನಲ್ಲಿ ಒಮ್ಮೆ ಪೂರ್ತಿ ರೀಸ್ಟೋರ್ ಮಾಡಿ, ದೊಡ್ಡ ಟೇಬಲ್‌ಗಳನ್ನು ಓದಿಸಿ, ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಡುತ್ತೇನೆ.

ಬಿಲ್ಲಿನಲ್ಲಿ ಕಣ್ಣಿಗೆ ಬೀಳದೆ ಸೋರುವ ಜಾಗಗಳು ಕೆಲವಿವೆ. ಎಸ್3ಗೆ ಹೋಗುವ ಫೋಟೋ, ಬ್ಯಾಕಪ್ ಎಲ್ಲ ನ್ಯಾಟ್ ಗೇಟ್‌ವೇ (ಖಾಸಗಿ ನೆಟ್‌ವರ್ಕ್‌ನ ಯಂತ್ರಗಳು ಹೊರಗೆ ಹೋಗುವ ಬಾಗಿಲು) ಮೂಲಕ ಹೋದರೆ ಜಿಬಿ ಲೆಕ್ಕದಲ್ಲಿ ದುಡ್ಡು. ಎಸ್3ಗೆ ನೇರ ದಾರಿಯಾದ ಗೇಟ್‌ವೇ ಎಂಡ್‌ಪಾಯಿಂಟ್ ಉಚಿತ, ಮೊದಲ ದಿನವೇ ಹಾಕಿ. ಕ್ಲೌಡ್‌ವಾಚ್ (ಎಡಬ್ಲ್ಯೂಎಸ್‌ನ ನಿಗಾ ಸೇವೆ) ಲಾಗ್‌ಗಳು ತಾವಾಗಿ ಎಂದೂ ಅಳಿಯುವುದಿಲ್ಲ, 14 ದಿನಕ್ಕೆ ಕಟ್ಟಿ. 2024ರ ಫೆಬ್ರವರಿಯಿಂದ ಪ್ರತಿ ಪಬ್ಲಿಕ್ ಐಪಿವಿ4 ವಿಳಾಸಕ್ಕೂ ಗಂಟೆಗೆ 0.005 ಡಾಲರ್ ಬೀಳುತ್ತದೆ. ಬೇಡದ್ದನ್ನು ಬಿಟ್ಟುಬಿಡಿ. ಸೇವಿಂಗ್ಸ್ ಪ್ಲಾನ್ (ಇಷ್ಟು ಬಳಸುತ್ತೇನೆಂದು ಮೊದಲೇ ಮಾತು ಕೊಟ್ಟು ಪಡೆಯುವ ರಿಯಾಯಿತಿ) ತೆಗೆದುಕೊಳ್ಳುವುದಾದರೆ ಮಳೆಗಾಲದಲ್ಲೂ ಓಡುವ ಆ ಎರಡು ಯಂತ್ರಗಳಿಗೆ ಸಾಕು.

ಮಾರ್ಚ್‌ನಲ್ಲಿ ರೊಬಸ್ಟಾ ಮುಗಿದ ಮೇಲೆ ಸಂಜೆಯ ವೇಳಾಪಟ್ಟಿ ತೆಗೆದು, ಡೇಟಾಬೇಸ್ ಯಂತ್ರವನ್ನು ಒಂದು ಮೆಟ್ಟಿಲು ಇಳಿಸುತ್ತೇನೆ. ಆದರೆ ಅದರ ಡಿಸ್ಕನ್ನು ಹಾಗೆ ಕುಗ್ಗಿಸಲು ಕೈಲಾಗದು. ಅದಕ್ಕಾಗಿ ಕೊಯ್ಲಿನ ಮೊದಲು ಡಿಸ್ಕ್ ಹಿಗ್ಗಿಸುವಾಗ ಮುಂದಿನ ಆರು ತಿಂಗಳಿಗೆ ಬೇಕಾದಷ್ಟೇ, 20 ಜಿಬಿಯ ಹೆಜ್ಜೆಗಳಲ್ಲಿ ಹಿಗ್ಗಿಸುತ್ತೇನೆ.