ಹಳೆಯ ಇಂಗ್ಲಿಷ್ ಮನೆಯೊಂದರ ಬದುಕನ್ನು ದಾಖಲೆಗಳಿಂದ ಓದುವ ಬಗೆ

ಇಂಗ್ಲೆಂಡಿನ ಇತಿಹಾಸವೆಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಪಠ್ಯಪುಸ್ತಕದ ರಾಜರಾಣಿಯರು, ಯುದ್ಧಗಳು ಮತ್ತು ಕಂಪನಿ ಸರಕಾರ. ಹದಿನೇಳನೆಯ ಶತಮಾನದಲ್ಲಿ ಅಲ್ಲಿನ ಸಾಮಾನ್ಯ ರೈತನೊಬ್ಬ ಏನು ಹಾಸಿ ಮಲಗುತ್ತಿದ್ದ, ಅವನ ಮಗಳು ಯಾವ ವಯಸ್ಸಿಗೆ ಮದುವೆಯಾದಳು, ಅವನು ಸತ್ತ ಮೇಲೆ ಹೆಂಡತಿಯ ಕೈಗೆ ಏನು ಉಳಿಯಿತು ಎಂಬುದನ್ನು ತಿಳಿಯಬೇಕೆಂದರೆ ಮೂಲ ದಾಖಲೆಗಳಿಗೇ ಹೋಗಬೇಕು. ಅವುಗಳಲ್ಲಿ ಯಾವುದನ್ನೂ ಕುಟುಂಬದ ಕಥೆ ಹೇಳುವುದಕ್ಕೆಂದು ಬರೆದಿಲ್ಲ. ಚರ್ಚು, ನ್ಯಾಯಾಲಯ ಮತ್ತು ಸರಕಾರ ತಂತಮ್ಮ ಕೆಲಸಕ್ಕೆ ಬರೆದಿಟ್ಟ ಕಾಗದಗಳನ್ನು ಒಂದೇ ಮನೆಯ ಸುತ್ತ ಒಟ್ಟುಗೂಡಿಸಿ ಓದುವುದೇ ಇಲ್ಲಿನ ಕೆಲಸ. ಒಂದು ದೇಶವನ್ನೋ ಒಂದು ಶತಮಾನವನ್ನೋ ಹಿಡಿಯಲು ಹೊರಡದೆ, ಒಂದು ಊರು ಮತ್ತು ಒಂದೆರಡು ಮನೆತನಗಳಿಗೆ ಸೀಮಿತವಾಗಿ ಆರಂಭಿಸುವುದು ಒಳ್ಳೆಯದು.

ಊರೆಂದರೆ ಇಲ್ಲಿ ಪ್ಯಾರಿಷ್, ಅಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಪ್ರದೇಶ. ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ 1538ರಲ್ಲಿ ಹೊರಡಿಸಿದ ಆಜ್ಞೆಯಂತೆ ಪ್ರತಿ ಪ್ಯಾರಿಷ್ ದೀಕ್ಷಾಸ್ನಾನ (ಮಗುವನ್ನು ಕ್ರೈಸ್ತ ಧರ್ಮಕ್ಕೆ ಸೇರಿಸುವ ವಿಧಿ), ಮದುವೆ ಮತ್ತು ಶವಸಂಸ್ಕಾರಗಳ ಪುಸ್ತಕ ಇಡಬೇಕಾಯಿತು. ಈ ಪುಸ್ತಕಗಳು ಈಗ ಬಹುಪಾಲು ಆಯಾ ಕೌಂಟಿಯ ದಾಖಲೆ ಕಚೇರಿಯಲ್ಲಿವೆ, ಅನೇಕವುಗಳ ಚಿತ್ರಗಳು ಅಂತರ್ಜಾಲದಲ್ಲೂ ಸಿಗುತ್ತವೆ. ಓದುವಾಗ ಎರಡು ಎಚ್ಚರಗಳು ಬೇಕು. ಮೊದಲನೆಯದು, ದಾಖಲಾಗಿರುವುದು ಸಾಮಾನ್ಯವಾಗಿ ಹುಟ್ಟಿದ ದಿನವಲ್ಲ, ದೀಕ್ಷಾಸ್ನಾನದ ದಿನ. ಎರಡನೆಯದು, 1752ಕ್ಕೆ ಮೊದಲು ಇಂಗ್ಲೆಂಡಿನಲ್ಲಿ ಹೊಸ ವರ್ಷದ ಲೆಕ್ಕ ಶುರುವಾಗುತ್ತಿದ್ದುದು ಮಾರ್ಚ್ 25ರಂದು. 1640ರ ಮೇ ತಿಂಗಳಲ್ಲಿ ಮದುವೆಯಾದ ದಂಪತಿಯ ಮಗುವಿಗೆ 1640ರ ಫೆಬ್ರವರಿಯಲ್ಲಿ ದೀಕ್ಷಾಸ್ನಾನವಾಯಿತು ಎಂದು ಕಂಡರೆ ಹುಬ್ಬೇರಿಸಬೇಕಾಗಿಲ್ಲ; ಅದು ನಮ್ಮ ಲೆಕ್ಕದಲ್ಲಿ 1641ರ ಫೆಬ್ರವರಿ, ಮಗು ಹುಟ್ಟಿದ್ದು ಮದುವೆಯಾಗಿ ಒಂಬತ್ತು ತಿಂಗಳಿಗೆ.

ಆಯ್ದ ಮನೆತನದ ಪ್ರತಿಯೊಂದು ನಮೂದನ್ನೂ ಬೇರೆ ಬೇರೆ ಚೀಟಿಯಲ್ಲಿ ಬರೆದುಕೊಂಡು, ಮದುವೆಯ ಚೀಟಿಯ ಕೆಳಗೆ ಆ ದಂಪತಿಯ ಮಕ್ಕಳ ಚೀಟಿಗಳನ್ನೂ ಅವರವರ ಶವಸಂಸ್ಕಾರದ ಚೀಟಿಗಳನ್ನೂ ಸೇರಿಸುತ್ತ ಹೋಗಬೇಕು. ಒಂದೇ ತಂದೆಗೆ ಇಬ್ಬರು ಜಾನ್‌ಗಳು ಕಂಡರೆ ನಡುವಿನ ಶವಸಂಸ್ಕಾರಗಳನ್ನು ಹುಡುಕಬೇಕು, ಏಕೆಂದರೆ ತೀರಿಕೊಂಡ ಮಗುವಿನ ಹೆಸರನ್ನು ಮುಂದೆ ಹುಟ್ಟಿದ ಮಗುವಿಗೆ ಇಡುವುದು ಅಲ್ಲಿ ವಾಡಿಕೆಯಾಗಿತ್ತು. 1964ರಲ್ಲಿ ಆರಂಭವಾದ ಕೇಂಬ್ರಿಜ್‌ನ ಸಂಶೋಧಕರ ತಂಡವೊಂದು ಇದೇ ವಿಧಾನವನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿ, ಎಲ್ಲರೂ ನಂಬಿದ್ದ ಹಲವು ಸಂಗತಿಗಳನ್ನು ತಲೆಕೆಳಗು ಮಾಡಿತು. ಹುಡುಗಿಗೆ 12 ಮತ್ತು ಹುಡುಗನಿಗೆ 14 ವರ್ಷವಾದರೆ ಮದುವೆಗೆ ಕಾನೂನಿನ ಅಡ್ಡಿ ಇರಲಿಲ್ಲ, ಈ ಮಿತಿ 1929ರವರೆಗೂ ಹಾಗೆಯೇ ಇತ್ತು. ಆದರೂ ಹದಿನೇಳನೆಯ ಶತಮಾನದ ಸಾಮಾನ್ಯ ಹೆಣ್ಣುಮಕ್ಕಳು ಮೊದಲ ಸಲ ಮದುವೆಯಾಗುತ್ತಿದ್ದುದು ಸರಾಸರಿ 26ರ ಆಸುಪಾಸಿನಲ್ಲಿ, ಗಂಡಸರು 28ರ ಹತ್ತಿರ. ಮದುವೆಯಾದವರು ಬೇರೆ ಮನೆ ಹೂಡುವುದು ರೂಢಿಯಾಗಿದ್ದುದರಿಂದ, ಅದಕ್ಕೆ ಬೇಕಾದ ಹಣ ಕೂಡುವವರೆಗೆ ಕಾಯಬೇಕಾಗಿತ್ತು. ಆ ಕಾಲದ ಮನೆಗಳಲ್ಲಿ ಸರಾಸರಿ ಐದು ಮಂದಿಯೂ ಇರಲಿಲ್ಲ. ಹಿಂದಿನ ಕಾಲವೆಂದರೆ ಎಲ್ಲೆಲ್ಲೂ ಅವಿಭಕ್ತ ಕುಟುಂಬವೆಂದು ಎಣಿಸುವ ನಮಗೆ ಇದು ಕೊಂಚ ವಿಚಿತ್ರವಾಗಿಯೇ ತೋರುತ್ತದೆ.

ಹದಿಹರೆಯದ ಮಕ್ಕಳ ಸುಳಿವು ರಿಜಿಸ್ಟರಿನಿಂದ ಹಠಾತ್ತನೆ ತಪ್ಪಿದರೆ ಅವರು ಸತ್ತರೆಂದು ತೀರ್ಮಾನಿಸಬಾರದು. ಬಹಳಷ್ಟು ಹುಡುಗ ಹುಡುಗಿಯರು ಒಂದೊಂದು ವರ್ಷದ ಕರಾರಿನ ಮೇಲೆ ಇನ್ನೊಬ್ಬರ ಮನೆಯಲ್ಲಿ ಆಳಾಗಿ ದುಡಿದು, ಆ ಮನೆಯವರೊಡನೆಯೇ ಉಂಡು ಮಲಗಿ, ಅವಧಿ ಮುಗಿದ ಮೇಲೆ ಮತ್ತೊಂದು ಪ್ಯಾರಿಷಿಗೆ ಹೋಗುತ್ತಿದ್ದರು.

ಇಷ್ಟಾದರೂ ಮನೆಯ ಒಳಗು ಇನ್ನೂ ಕಂಡಿರುವುದಿಲ್ಲ. ಅದನ್ನು ತೋರಿಸುವುದು ಸತ್ತವರ ಸ್ವತ್ತಿನ ಪಟ್ಟಿ. ನನ್ನ ಮಟ್ಟಿಗೆ ಇಡೀ ಹುಡುಕಾಟದಲ್ಲಿ ಇದಕ್ಕಿಂತ ಬೆಲೆಬಾಳುವ ಕಾಗದವಿಲ್ಲ. 1529ರ ಕಾಯ್ದೆಯ ಪ್ರಕಾರ ಉಯಿಲಿನ ಜೊತೆ ಚರ್ಚಿನ ನ್ಯಾಯಾಲಯಕ್ಕೆ ಇದನ್ನು ಸಲ್ಲಿಸಬೇಕಾಗಿತ್ತು, ಸುಮಾರು 1750ರವರೆಗೆ ಈ ಪಟ್ಟಿಗಳು ಹೇರಳವಾಗಿವೆ. ನಮ್ಮ ಊರುಗಳಲ್ಲಿ ಪಂಚರು ಬಂದು ಮಹಜರು ಬರೆದಂತೆ ಅಲ್ಲಿಯೂ ನೆರೆಹೊರೆಯ ಮೂರು ನಾಲ್ಕು ಗಂಡಸರು ಬಂದು, ಸತ್ತವನ ಬಟ್ಟೆ ಮತ್ತು ಚೀಲದ ದುಡ್ಡಿನಿಂದ ಮೊದಲುಗೊಂಡು, ಕೋಣೆಯಿಂದ ಕೋಣೆಗೆ ನಡೆಯುತ್ತ ಪ್ರತಿ ವಸ್ತುವಿಗೂ ಬೆಲೆ ಕಟ್ಟುತ್ತಿದ್ದರು. ಅವರು ನಡೆದ ಕ್ರಮದಲ್ಲಿಯೇ ನೀವೂ ಕಾಗದದ ಮೇಲೆ ಕೋಣೆಗಳನ್ನು ಬರೆದುಕೊಂಡು, ಒಂದೊಂದರೊಳಗೆ ಅಲ್ಲಿನ ಸಾಮಾನುಗಳನ್ನು ತುಂಬಿ. ಹಾಲ್ ಎಂದಿರುವ ಕಡೆ ಒಲೆಯ ಕಬ್ಬಿಣದ ಸಾಮಾನು, ಮಾಂಸ ಸುಡುವ ಸಲಾಕೆ ಮತ್ತು ಉದ್ದನೆಯ ಮೇಜು ಕಂಡರೆ, ಮನೆಮಂದಿ ಬೇಯಿಸುತ್ತಿದ್ದುದೂ ಉಣ್ಣುತ್ತಿದ್ದುದೂ ಚಳಿ ಕಾಯಿಸುತ್ತಿದ್ದುದೂ ಅಲ್ಲಿಯೇ ಎಂದು ತಿಳಿಯುತ್ತದೆ. ಪಾರ್ಲರ್ ಎಂದ ಕೂಡಲೇ ಅತಿಥಿಗಳನ್ನು ಕೂರಿಸುವ ಕೋಣೆಯನ್ನು ಕಲ್ಪಿಸಿಕೊಳ್ಳಬೇಡಿ, ಯಜಮಾನನ ಒಳ್ಳೆಯ ಮಂಚ ಬಹಳ ಸಲ ಇರುತ್ತಿದ್ದುದು ಅಲ್ಲಿಯೇ. ಮಹಡಿಯ ಕೋಣೆಯಲ್ಲಿ ಧಾನ್ಯ, ಉಣ್ಣೆ ಮತ್ತು ಆಳುಗಳ ಹಾಸಿಗೆ ಒಟ್ಟಿಗೇ ಇರುವುದೂ ಉಂಟು.

ಹಾಸಿಗೆಯ ಸಾಲುಗಳ ಮೇಲೆ ವಿಶೇಷ ಗಮನವಿರಲಿ. ಮಂಚ, ಪರದೆ, ಗರಿ ತುಂಬಿದ ಹಾಸು, ಹೊದಿಕೆ ಎಲ್ಲವೂ ಸೇರಿದರೆ ಮನೆಯ ಅತ್ಯಂತ ದುಬಾರಿ ಸಾಮಾನು ಹಲವು ಸಲ ಅದೇ ಆಗಿರುತ್ತದೆ. ಹುಲ್ಲಿನ ಹಾಸು ಮತ್ತು ಗರಿಯ ಹಾಸು ಯಾರ ಯಾರ ಕೋಣೆಯಲ್ಲಿವೆ ಎಂದು ನೋಡಿದರೆ ಮನೆಯೊಳಗಿನ ಮೇಲು ಕೀಳು ಗೊತ್ತಾಗುತ್ತದೆ. ಷೇಕ್ಸ್‌ಪಿಯರ್ 1616ರ ತನ್ನ ಉಯಿಲಿನಲ್ಲಿ ಹೆಂಡತಿಗೆ ಎರಡನೆಯ ದರ್ಜೆಯ ಮಂಚವನ್ನು ಬಿಟ್ಟದ್ದನ್ನು ಕುರಿತು ಇಂದಿಗೂ ವಾದ ನಿಂತಿಲ್ಲ, ಆದರೆ ಮಂಚವನ್ನು ಉಯಿಲಿನಲ್ಲಿ ಹೆಸರಿಸಿ ಕೊಡುವುದು ಆಗ ಎಲ್ಲರೂ ಮಾಡುತ್ತಿದ್ದ ಕೆಲಸ.

ಪಟ್ಟಿಯಲ್ಲಿ ಇಲ್ಲದ್ದರ ಲೆಕ್ಕವೂ ಬೇಕು. ಭೂಮಿ ಮತ್ತು ಮನೆಕಟ್ಟಡ ಅದರೊಳಗೆ ಬರುವುದಿಲ್ಲ. ಇತರರು ಅವನಿಗೆ ಕೊಡಬೇಕಾದ ಸಾಲ ಬರುತ್ತದೆ, ಅವನು ತೀರಿಸಬೇಕಾದ ಸಾಲ ಸಾಮಾನ್ಯವಾಗಿ ಬರುವುದಿಲ್ಲ. ಆದ್ದರಿಂದ ಕೊನೆಯ ಮೊತ್ತವನ್ನು ನೋಡಿ ಶ್ರೀಮಂತನೆಂದೋ ಬಡವನೆಂದೋ ಹೇಳಲಾಗದು. ಮೊತ್ತ ಕೂಡುವಾಗ 12 ಪೆನ್ಸ್‌ಗೆ ಒಂದು ಷಿಲಿಂಗ್, 20 ಷಿಲಿಂಗಿಗೆ ಒಂದು ಪೌಂಡ್ ಎಂಬುದು ನೆನಪಿರಲಿ; ಅಂಕಿಗಳು ರೋಮನ್ ಲಿಪಿಯಲ್ಲಿರುವ ಸಾಧ್ಯತೆಯೇ ಹೆಚ್ಚು. ಆ ಕಾಲದ ಕೈಬರಹ ಮೊದಮೊದಲು ಕಣ್ಣಿಗೆ ಹತ್ತುವುದೇ ಇಲ್ಲ, ಇಂಗ್ಲಿಷ್ ಚೆನ್ನಾಗಿ ಬಲ್ಲವರಿಗೂ. ಹದಿನೆಂಟನೆಯ ಶತಮಾನದ ಬರಹದಿಂದ ಶುರುಮಾಡಿ ಹಿಂದಕ್ಕೆ ಹೋಗುವುದು ಸುಲಭದ ದಾರಿ. ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲೆ ಭಂಡಾರದ ಜಾಲತಾಣದಲ್ಲಿ ಇದಕ್ಕೆ ಉಚಿತ ಪಾಠಗಳಿವೆ.

ಇಷ್ಟರವರೆಗೆ ಓದಿದ್ದು ಹೆಚ್ಚಾಗಿ ಗಂಡಸರ ಮನೆ. ಗಂಡನಿರುವ ಹೆಣ್ಣಿನ ಚರ ಸ್ವತ್ತು ಕಾನೂನಿನ ದೃಷ್ಟಿಯಲ್ಲಿ ಗಂಡನದೇ ಆಗಿದ್ದು, ಆ ಸ್ಥಿತಿ ಪೂರ್ತಿಯಾಗಿ ಬದಲಾದದ್ದು 1882ರ ಕಾಯ್ದೆಯಿಂದ. ಹಾಗಾಗಿ ವಿಧವೆಯರ ಮತ್ತು ಮದುವೆಯಾಗದೆ ಉಳಿದ ಹೆಂಗಸರ ಉಯಿಲುಗಳನ್ನು ಹುಡುಕಿ ಓದಬೇಕು. ಗಂಡಸಿನ ಉಯಿಲು ಹೊಲ ಮತ್ತು ಹಣದ ಮಾತಿನಲ್ಲಿ ಮುಗಿಯುವ ಕಡೆ, ಇವರು ಕೆಂಪು ಲಂಗ ಯಾರಿಗೆ, ದೊಡ್ಡ ಹಿತ್ತಾಳೆ ಪಾತ್ರೆ ಯಾವ ಮೊಮ್ಮಗಳಿಗೆ ಎಂದು ಬಿಡಿಸಿ ಹೇಳುತ್ತಾರೆ. ನಂಟುಗಳ ಹತ್ತಿರ ದೂರವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಸಾಧನ ಸಿಗುವುದು ಕಷ್ಟ. ಏನನ್ನೂ ಬಿಡದೆ ಸತ್ತ ಬಡವರನ್ನು 1601ರ ಬಡವರ ಕಾಯ್ದೆಯಡಿ ಪ್ಯಾರಿಷ್ ಬರೆದಿಟ್ಟ ಲೆಕ್ಕಪುಸ್ತಕಗಳಲ್ಲಿ, ಒಂದು ಜೊತೆ ಬೂಟು, ಒಂದು ಹೊರೆ ಸೌದೆ ಎಂಬ ಸಾಲುಗಳ ನಡುವೆ ಹುಡುಕಬೇಕು.

ಹತ್ತೊಂಬತ್ತನೆಯ ಶತಮಾನಕ್ಕೆ ಬಂದರೆ ಜನಗಣತಿಯಿಂದಾಗಿ ಕೆಲಸ ಹಗುರವಾಗುತ್ತದೆ. 1841ರ ಗಣತಿಯಲ್ಲಿ ದೊಡ್ಡವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯಲಾಗಿದ್ದು ಮನೆಯವರ ನಡುವಿನ ಸಂಬಂಧ ನಮೂದಾಗಿಲ್ಲ. 1851ರಿಂದ ಎರಡೂ ಸರಿಯಾಗಿ ಸಿಗುತ್ತವೆ. 1911ರ ಹಾಳೆಯನ್ನು ಮಾತ್ರ ಬಿಡದೆ ನೋಡಿ. ಅದನ್ನು ಮನೆಯವರೇ ತುಂಬಿದ್ದಾರೆ, ಮದುವೆಯಾಗಿ ಎಷ್ಟು ವರ್ಷ, ಹುಟ್ಟಿದ ಮಕ್ಕಳೆಷ್ಟು, ಉಳಿದವರೆಷ್ಟು, ತೀರಿಕೊಂಡವರೆಷ್ಟು ಎಂಬ ಕಾಲಮುಗಳೂ ಅದರಲ್ಲಿವೆ. ಹೆಂಗಸರ ಉದ್ಯೋಗದ ಕಾಲಮು ಖಾಲಿಯಿದ್ದರೆ ಅವರು ದುಡಿಯುತ್ತಿರಲಿಲ್ಲವೆಂದು ಅರ್ಥವಲ್ಲ.

ಇಂಥ ಮನೆಗಳಿಂದ ಹೊರಟ ಕೆಲವರು ಬೆಂಗಳೂರಿನ ದಂಡು ಪ್ರದೇಶಕ್ಕೂ ಬಂದರು. ಅವರ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳ ಪ್ರತಿಗಳು ಮದ್ರಾಸ್ ಪ್ರಾಂತ್ಯದ ವರದಿಗಳೊಂದಿಗೆ ಲಂಡನ್ನಿಗೆ ಹೋಗಿ, ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಇಲ್ಲಿಯೂ ಮೇಲಿನ ಚೀಟಿಯ ವಿಧಾನವೇ ಸಾಕು, ಆದರೆ ಮದುವೆಯ ಚೀಟಿ ಬರೆಯುವಾಗ ವಧುವಿನ ಹೆಸರಿನ ಮುಂದೆ ವಿಧವೆ ಎಂದಿದೆಯೇ ಎಂದು ನೋಡಿಕೊಳ್ಳಬೇಕು. ಸಿಪಾಯಿಯೊಬ್ಬ ಸತ್ತರೆ ಅವನ ಹೆಂಡತಿಗೆ ರೆಜಿಮೆಂಟಿನಲ್ಲಿ ಹೆಚ್ಚು ದಿನ ಆಸರೆ ಇರುತ್ತಿರಲಿಲ್ಲವಾದ್ದರಿಂದ ಮರುಮದುವೆ ಬೇಗ ನಡೆಯುತ್ತಿತ್ತು. ಮೊದಲ ಗಂಡನ ಹೆಸರು ಆಗ ಸಿಗುವುದು ಅದರ ಹಿಂದಿನ ಕೆಲವು ತಿಂಗಳ ಶವಸಂಸ್ಕಾರದ ಪುಟಗಳಲ್ಲಿ.