ಪಾಲಿನ ದಾವೆ: ವಂಶವೃಕ್ಷದಿಂದ ಪಹಣಿಯ ತನಕ

ಅಣ್ಣ ತಮ್ಮಂದಿರು, ಅಕ್ಕ ತಂಗಿಯರ ನಡುವಿನ ಪಾಲಿನ ದಾವೆ ಒಂದು ತಲೆಮಾರು ದಾಟುವುದು ನಮ್ಮಲ್ಲಿ ಹೊಸತಲ್ಲ. ನ್ಯಾಯಾಧೀಶರ ಕೊರತೆ, ರಾಶಿ ಬಿದ್ದ ಪ್ರಕರಣಗಳು ಇದಕ್ಕೆ ಕಾರಣ ಹೌದು. ಅದನ್ನು ಕಕ್ಷಿದಾರರು ಸರಿಮಾಡಲಾರರು. ಆದರೆ ತಡದ ದೊಡ್ಡ ಪಾಲು ಹುಟ್ಟುವುದು ಅವರದೇ ಕಡತದೊಳಗೆ. ಬಿಟ್ಟುಹೋದ ಒಬ್ಬ ವಾರಸುದಾರಳು, ಬದಲಾದ ಹಿಸ್ಸಾ ನಂಬರು (ಸರ್ವೆ ನಂಬರಿನೊಳಗಿನ ತುಂಡಿನ ಸಂಖ್ಯೆ), ಛಾಪಾ ಕಾಗದ ಕಾಣದ ಹಳೇ ಪಾಲುಪಟ್ಟಿ: ಇಂಥದೊಂದಕ್ಕೆ ನಾಲ್ಕೈದು ವರ್ಷ ಸರಾಗವಾಗಿ ಹೋಗುತ್ತದೆ. ಕರ್ನಾಟಕದ ಹಿಂದೂ ಕುಟುಂಬವೊಂದರ ಜಮೀನು, ಮನೆಯ ಪಾಲಿಗೆ ದಾವೆ ಹೂಡುವವರು ಯಾವ ಹಂತದಲ್ಲಿ ಏನು ನೋಡಿಕೊಳ್ಳಬೇಕು ಎಂಬುದು ಇಲ್ಲಿದೆ.

ವಕೀಲರ ಬಳಿಗೆ ಹೋಗುವ ಮೊದಲು

ಮೊದಲ ಕಾಗದ ವಂಶವೃಕ್ಷ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು ಪಡೆಯಬೇಕು. ಮೂಲಪುರುಷನಿಂದ ಹಿಡಿದು ತೀರಿಕೊಂಡವರ ಹೆಸರು, ತೀರಿಕೊಂಡ ದಿನಾಂಕ, ಅವರ ಹೆಂಡತಿ ಮಕ್ಕಳು ಎಲ್ಲರೂ ಅದರಲ್ಲಿರಬೇಕು. ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನೂ, ತೀರಿಕೊಂಡ ಮಗಳ ಮಕ್ಕಳನ್ನೂ ಬಿಟ್ಟು ಬರೆಸುವುದು ಇನ್ನೂ ನಿಂತಿಲ್ಲ. ಅಪ್ಪ ಹೋದ ಮೇಲೆ ಪೌತಿ ಖಾತೆಯಲ್ಲಿ ಗಂಡುಮಕ್ಕಳ ಹೆಸರಷ್ಟೇ ಕೂತಿದ್ದರೆ ಗಾಬರಿ ಬೇಡ. ಖಾತೆ ಕಂದಾಯ ಕಟ್ಟುವವರ ದಾಖಲೆ, ಅದರಿಂದ ಹಕ್ಕು ಹುಟ್ಟುವುದೂ ಇಲ್ಲ, ಸಾಯುವುದೂ ಇಲ್ಲ.

ಎರಡನೆಯದು ಪಹಣಿ. ಈ ವರ್ಷದ್ದು ಒಂದೇ ಸಾಲದು. ತಾಲ್ಲೂಕು ಕಚೇರಿಯ ಅಭಿಲೇಖಾಲಯದಿಂದ ಕೈಬರಹದ ಹಳೇ ಪಹಣಿಗಳ ದೃಢೀಕೃತ ನಕಲು ತೆಗೆಸಿ. 9ನೇ ಕಲಂನಲ್ಲಿ ಮಾಲೀಕರ ಹೆಸರು, 10ರಲ್ಲಿ ಅದು ಹೇಗೆ ಬಂತು ಎಂಬ ಮ್ಯುಟೇಶನ್ (ಖಾತೆ ಬದಲಾವಣೆ, ಎಂ.ಆರ್.) ನಂಬರು, 11ರಲ್ಲಿ ಸಾಲ ಮತ್ತು ಇತರ ಋಣಗಳು, 12ರಲ್ಲಿ ಸಾಗುವಳಿದಾರರು ಇರುತ್ತಾರೆ. 10ನೇ ಕಲಂನ ಎಂ.ಆರ್. ನಂಬರು ಹಿಡಿದು ಆ ಮ್ಯುಟೇಶನ್ ಪ್ರತಿಯನ್ನೂ ತೆಗೆಸಬೇಕು, ಏಕೆಂದರೆ ಎದುರಾಳಿಯ ಕಥೆ ಸಾಮಾನ್ಯವಾಗಿ ಅಲ್ಲೇ ಶುರುವಾಗುತ್ತದೆ. ಜೊತೆಗೆ ಉಪನೋಂದಣಾಧಿಕಾರಿ ಕಚೇರಿಯ ಇಸಿ, ಅಂದರೆ ಋಣಭಾರ ಪ್ರಮಾಣಪತ್ರ. ಯಾರು ಯಾರಿಗೆ ಮಾರಿದ್ದಾರೆ, ಎಲ್ಲಿ ಅಡಮಾನ ಇಟ್ಟಿದ್ದಾರೆ ಎಂಬುದು ಅದರಲ್ಲಿ ಸಿಗುತ್ತದೆ. ಜೆರಾಕ್ಸ್ ಪ್ರತಿ ಇಟ್ಟುಕೊಂಡು ದಾವೆ ಹೂಡಿದರೆ ಸಾಕ್ಷ್ಯದ ಹಂತದಲ್ಲಿ ಆಕ್ಷೇಪಣೆ ಬರುತ್ತದೆ, ಆಗ ನಕಲಿಗಾಗಿ ಓಡಾಡುತ್ತ ಮತ್ತೆ ವಾಯಿದೆ ಕೇಳಬೇಕು.

ಪಾಲು ಯಾರಿಗೆ, ಎಷ್ಟು

ಹೆಣ್ಣುಮಕ್ಕಳ ಪಾಲಿನ ಬಗ್ಗೆ ಹಳ್ಳಿಯ ಕಟ್ಟೆಯಲ್ಲಿ ಇನ್ನೂ ಹಳೇ ಕಾನೂನೇ ಓಡಾಡುತ್ತಿದೆ. ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು, ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದವನ್ನು ತೆಗೆದುಹಾಕಿತು. ಆ ದಿನ ತಂದೆ ಬದುಕಿರಬೇಕಿತ್ತೇ ಎಂಬ ಜಗಳವನ್ನು 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮುಗಿಸಿತು: ಬದುಕಿರಬೇಕಿಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತದೆ. ಆದರೆ 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ಪತ್ರದಿಂದಲೋ ಕೋರ್ಟ್ ಡಿಕ್ರಿಯಿಂದಲೋ ಆಗಿಹೋದ ವಿಭಾಗವನ್ನು ಮತ್ತೆ ಕೆದಕಲು ಬರುವುದಿಲ್ಲ. ‘ಬಾಯಿಮಾತಿನಲ್ಲಿ ಆಗಲೇ ಪಾಲಾಗಿತ್ತು’ ಎನ್ನುವ ವಾದವನ್ನು, ಸರ್ಕಾರಿ ದಾಖಲೆಗಳ ಗಟ್ಟಿ ಬೆಂಬಲವಿಲ್ಲದೆ ಒಪ್ಪಬಾರದು ಎಂದೂ ಅದೇ ತೀರ್ಪು ಹೇಳಿದೆ.

ಇನ್ನೊಂದು ದೊಡ್ಡ ಜಗಳ, ಆಸ್ತಿ ಪಿತ್ರಾರ್ಜಿತವೋ ಸ್ವಯಾರ್ಜಿತವೋ ಎಂಬುದು. ತಮ್ಮನ ಹೆಸರಲ್ಲಿ ಕೊಂಡ ಜಮೀನು ಒಟ್ಟು ಕುಟುಂಬದ್ದು ಎನ್ನುವವರು, ಆಗ ಕುಟುಂಬಕ್ಕೆ ಅದನ್ನು ಕೊಳ್ಳುವಷ್ಟು ಆದಾಯವಿತ್ತು ಎಂದು ಮೊದಲು ತೋರಿಸಬೇಕು. ಅಡಿಕೆ ಮಂಡಿಯ ಪಟ್ಟಿ, ಸಹಕಾರ ಸಂಘದ ಲೆಕ್ಕ, ಸಕ್ಕರೆ ಕಾರ್ಖಾನೆಯ ಬಿಲ್ಲು ಇಲ್ಲಿ ಕೆಲಸಕ್ಕೆ ಬರುತ್ತವೆ. ಅದು ಸಾಬೀತಾದರೆ, ಸ್ವಂತ ದುಡ್ಡಿನಿಂದಲೇ ಕೊಂಡೆ ಎಂದು ತೋರಿಸುವ ಹೊಣೆ ತಮ್ಮನ ಮೇಲೆ ಬೀಳುತ್ತದೆ. ತಂದೆಯ ಸ್ವಯಾರ್ಜಿತವಾಗಿದ್ದು ಉಯಿಲಿಲ್ಲದೆ ತೀರಿಕೊಂಡಿದ್ದರೆ ಲೆಕ್ಕ ಸರಳ: ಹೆಂಡತಿ, ತಾಯಿ ಇದ್ದರೆ ತಾಯಿ, ಪ್ರತಿಯೊಂದು ಮಗು, ಎಲ್ಲರಿಗೂ ಸಮ.

ವಾದಪತ್ರ ಬರೆಸುವಾಗ

ಪಾಲಿನ ದಾವೆಗೆ ಎರಡು ಕಟ್ಟುನಿಟ್ಟು. ಪಾಲುದಾರರೆಲ್ಲ ಕಕ್ಷಿಗಳಾಗಿರಬೇಕು, ಒಟ್ಟು ಕುಟುಂಬದ ಆಸ್ತಿಗಳೆಲ್ಲ ವಾದಪತ್ರದ ಆಸ್ತಿಪಟ್ಟಿಯಾದ ಷೆಡ್ಯೂಲಿನಲ್ಲಿರಬೇಕು. ಅಕ್ಕ ನನ್ನ ಕಡೆಯವಳೇ, ಅವಳನ್ನೇಕೆ ಕೋರ್ಟಿಗೆ ಎಳೆಯುವುದು ಎಂದು ಬಿಟ್ಟರೆ ದಾವೆಯ ಬುಡವೇ ಅಲುಗಾಡುತ್ತದೆ. ನಿಮ್ಮ ಸ್ವಾಧೀನದಲ್ಲಿರುವ ತೋಟವನ್ನು ಮರೆಮಾಚಿ ಅಣ್ಣನ ಗದ್ದೆಯನ್ನಷ್ಟೇ ಸೇರಿಸಿದರೂ ಅಷ್ಟೇ.

ಷೆಡ್ಯೂಲನ್ನು ಒಂದು ಉದಾಹರಣೆಯಲ್ಲಿ ನೋಡೋಣ. ಸರ್ವೆ ನಂ. 45/2, ವಿಸ್ತೀರ್ಣ 3 ಎಕರೆ 20 ಗುಂಟೆ, ಪಾಲುದಾರರು 4 ಜನ. 140 ಗುಂಟೆಯನ್ನು ನಾಲ್ಕರಿಂದ ಭಾಗಿಸಿ ತಲಾ 35 ಎಂದು ಬರೆದುಬಿಡುವುದು ಸುಲಭ. ಆದರೆ ಅದರೊಳಗೆ 10 ಗುಂಟೆ ಬಿ ಖರಾಬು ಇದ್ದರೆ, ಅಂದರೆ ಹಳ್ಳವೋ ದಾರಿಯೋ ಆಗಿದ್ದರೆ, ಅದು ಸಾರ್ವಜನಿಕರದ್ದು, ಪಾಲಿಗೆ ಬರುವುದಿಲ್ಲ. ಉಳಿಯುವುದು 130 ಗುಂಟೆ, ತಲಾ 32 ಗುಂಟೆ 8 ಆಣೆ. ಇದಕ್ಕಿಂತ ದೊಡ್ಡ ಎಡವಟ್ಟು ನಂಬರಿನದು. ದಾವೆ ಹೂಡುವ ಹೊತ್ತಿಗೆ ಪೋಡಿಯಾಗಿ (ಅಳತೆ ಮಾಡಿ ತುಂಡುಗಳಾಗಿ) 45/2 ಎಂಬುದೇ ಇಲ್ಲದೆ ಬೇರೆ ಹಿಸ್ಸಾ ನಂಬರುಗಳಾಗಿದ್ದು, ಕೈಯಲ್ಲಿದ್ದ ಹಳೇ ಪಹಣಿ ನೋಡಿ ಬರೆಸಿದ್ದರೆ ಡಿಕ್ರಿಯೂ ಹಳೇ ನಂಬರಿಗೇ ಬರುತ್ತದೆ. ಹತ್ತು ವರ್ಷದ ನಂತರ ತಹಶೀಲ್ದಾರರ ಕಚೇರಿಯಲ್ಲಿ ‘ಈ ನಂಬರೇ ಚಾಲ್ತಿಯಲ್ಲಿಲ್ಲ’ ಎಂಬ ಹಿಂಬರಹ ಸಿಗುತ್ತದೆ. ಆಕಾರ್‌ಬಂದ್, ಹಿಸ್ಸಾ ಟಿಪ್ಪಣಿ (ಎರಡೂ ಸರ್ವೆ ಇಲಾಖೆಯ ಅಳತೆ ದಾಖಲೆಗಳು) ಎದುರಿಟ್ಟುಕೊಂಡು ವಿಸ್ತೀರ್ಣವನ್ನೂ ನಾಲ್ಕು ದಿಕ್ಕಿನ ಚಕ್ಕುಬಂದಿಯನ್ನೂ ತಾಳೆ ನೋಡಿಯೇ ಷೆಡ್ಯೂಲು ಅಂತಿಮ ಮಾಡಿ. ವಿಚಾರಣೆ ಶುರುವಾದ ಮೇಲೆ ವಾದಪತ್ರ ತಿದ್ದಬೇಕಾದರೆ, ಎಚ್ಚರ ವಹಿಸಿದರೂ ಮೊದಲೇ ತಿಳಿಯಲು ಸಾಧ್ಯವಿರಲಿಲ್ಲ ಎಂದು ಕೋರ್ಟಿಗೆ ಮನವರಿಕೆ ಮಾಡಬೇಕಾಗುತ್ತದೆ.

ಅಣ್ಣ ಈಗಾಗಲೇ ಒಂದಿಷ್ಟು ಮಾರಿದ್ದರೆ ಕೊಂಡವರನ್ನೂ ಪ್ರತಿವಾದಿ ಮಾಡಿ, ಆ ಕ್ರಯಪತ್ರ ನಿಮ್ಮ ಪಾಲಿಗೆ ಬದ್ಧವಲ್ಲ ಎಂಬ ಘೋಷಣೆ ಕೇಳಬೇಕು. ಆ ಪತ್ರಕ್ಕೆ ನೀವೇ ಸಹಿ ಹಾಕಿದ್ದರೆ ಮಾತು ಬೇರೆ: ರದ್ದು ಮಾಡುವಂತೆಯೇ ಕೇಳಬೇಕು, ಅದಕ್ಕೆ 3 ವರ್ಷದ ಕಾಲಮಿತಿ.

ಕೋರ್ಟ್ ಫೀ ವಿಷಯದಲ್ಲಿ ಒಂದು ವಾಕ್ಯ ಬಹಳ ದುಬಾರಿಯಾಗಬಹುದು. ಆಸ್ತಿ ಜಂಟಿ ಸ್ವಾಧೀನದಲ್ಲಿದ್ದರೆ ಕರ್ನಾಟಕದ ಕೋರ್ಟ್ ಫೀ ಕಾಯ್ದೆಯ 35ನೇ ಕಲಮಿನಂತೆ ಸಣ್ಣ ನಿಗದಿತ ಶುಲ್ಕ ಸಾಕು. ‘ನನ್ನನ್ನು ಜಮೀನಿನಿಂದ ಹೊರಹಾಕಿದ್ದಾರೆ’ ಎಂದು ವಾದಪತ್ರದಲ್ಲಿ ಸಿಟ್ಟಿನಿಂದ ಬರೆಸಿದರೆ ಪಾಲಿನ ಮಾರುಕಟ್ಟೆ ಬೆಲೆಯ ಮೇಲೆ ಶುಲ್ಕ ಕಟ್ಟಬೇಕು. ಮೇಲಾಗಿ, ಹೊರಹಾಕಿದ್ದು ತಿಳಿದ ದಿನದಿಂದ 12 ವರ್ಷದ ಕಾಲಮಿತಿಯೂ ಎಣಿಕೆಗೆ ಬರುತ್ತದೆ. ಸುಳ್ಳು ಹೇಳಿ ಎಂದಲ್ಲ. ನಡೆದದ್ದನ್ನು ತೂಗಿ ಬರೆಸಿ.

ಸಮನ್ಸ್, ತಡೆಯಾಜ್ಞೆ

ದಾವೆ ದಾಖಲಾದ ಕೂಡಲೇ ಓ.ಎಸ್. (ಮೂಲ ದಾವೆ) ನಂಬರಿನ ಜೊತೆ 16 ಅಕ್ಷರ ಅಂಕಿಗಳ ಸಿ.ಎನ್.ಆರ್. ಸಂಖ್ಯೆ ಬರೆದುಕೊಳ್ಳಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಪ್ರತಿ ವಾಯಿದೆಯ ದಿನಾಂಕವೂ ಅಂದಿನ ನಡವಳಿಯೂ ಸಿಗುತ್ತದೆ. ಗೈರುಹಾಜರಿಗೆ ದಾವೆ ವಜಾ ಆದರೆ ಪುನರ್‌ಸ್ಥಾಪನೆಗೆ ಇರುವುದು 30 ದಿನ. ಅದು ತಿಳಿಯದೆ ಮನೆಯಲ್ಲಿ ಕೂತವರು ಕಡಿಮೆಯಿಲ್ಲ.

ಸಮನ್ಸ್ ಜಾರಿಯಾಗದೆ ಹಿಂದಿರುಗುವುದಕ್ಕೆ ಮುಖ್ಯ ಕಾರಣ ವಿಳಾಸ. ಬೆಂಗಳೂರಲ್ಲೋ ಮುಂಬೈಯಲ್ಲೋ ಇರುವ ತಮ್ಮನಿಗೆ ಊರಿನ ವಿಳಾಸ ಕೊಟ್ಟರೆ ‘ಮನೆಯಲ್ಲಿಲ್ಲ’ ಎಂಬ ಷರಾ ಬಂದು ಎರಡು ಮೂರು ವಾಯಿದೆ ಹೋಯಿತು ಅಂದುಕೊಳ್ಳಿ. ಇರುವ ಊರಿನ ವಿಳಾಸ, ಪಿನ್‌ಕೋಡ್, ಫೋನ್ ನಂಬರು ಮೊದಲೇ ಹೊಂದಿಸಿ, ಪ್ರೊಸೆಸ್ ಫೀ ಕಟ್ಟಿದ್ದಾರೆಯೇ ಎಂದು ವಕೀಲರ ಗುಮಾಸ್ತರನ್ನು ಕೇಳಿ.

ಆಸ್ತಿಯನ್ನು ಪರಭಾರೆ (ಬೇರೆಯವರಿಗೆ ವರ್ಗ) ಮಾಡದಂತೆ ತಡೆಯಾಜ್ಞೆ ಕೇಳುವುದು ವಾಡಿಕೆ. ಎದುರಾಳಿಯನ್ನು ಕೇಳದೆಯೇ ಆಜ್ಞೆ ಸಿಕ್ಕಿದರೆ ಅರ್ಜಿ, ಪ್ರಮಾಣಪತ್ರ, ವಾದಪತ್ರ, ದಾಖಲೆಗಳ ಪ್ರತಿಯನ್ನು ತಕ್ಷಣ ನೋಂದಾಯಿತ ಅಂಚೆಯಲ್ಲಿ ಅವರಿಗೆ ಕಳಿಸಿ, ಕಳಿಸಿದ್ದಕ್ಕೆ ಅಂದೇ ಅಥವಾ ಮರುದಿನ ಪ್ರಮಾಣಪತ್ರ ಹಾಕಬೇಕು. ಇದೊಂದು ತಪ್ಪಿದರೆ ಆಜ್ಞೆ ತೆರವು ಮಾಡಿಸಲು ಎದುರು ವಕೀಲರಿಗೆ ಬೇರೆ ಕಾರಣ ಬೇಕಿಲ್ಲ. ಆಜ್ಞೆಯ ದೃಢೀಕೃತ ನಕಲನ್ನು ತಹಶೀಲ್ದಾರರಿಗೆ ಕೊಟ್ಟು ಪಹಣಿಯ 11ನೇ ಕಲಂನಲ್ಲಿ ನಮೂದು ಮಾಡಿಸಿ. ದಾವೆ ನಡೆಯುವಾಗ ಕೊಂಡವರು ತೀರ್ಪಿಗೆ ಬದ್ಧರೇ ಸರಿ, ಆದರೆ ಅವರನ್ನು ಎಬ್ಬಿಸುವುದು ಇನ್ನೊಂದು ಸುತ್ತಿನ ಅಲೆದಾಟ.

ಪ್ರತಿವಾದಿ 30 ದಿನದೊಳಗೆ ಲಿಖಿತ ಹೇಳಿಕೆ ಕೊಡಬೇಕು, ಕೋರ್ಟ್ 90 ದಿನದ ತನಕ ವಿಸ್ತರಿಸಬಹುದು. ಸಾಮಾನ್ಯ ಸಿವಿಲ್ ದಾವೆಗಳಲ್ಲಿ ಈ ಗಡುವು ಕಲ್ಲಿನ ಗೆರೆಯಲ್ಲ, ದಂಡ ಹಾಕಿ ಆಮೇಲೂ ಸ್ವೀಕರಿಸುತ್ತಾರೆ.

ರಾಜಿಗೆ ಸರಿಯಾದ ಹೊತ್ತು

ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಮಿನಡಿ ಕೋರ್ಟೇ ಮಧ್ಯಸ್ಥಿಕೆಗೆ ಕಳಿಸುತ್ತದೆ. ಪಾಲಿನ ದಾವೆಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ ಎಂದೇ ನಮ್ಮ ಅನಿಸಿಕೆ, ಏಕೆಂದರೆ ಕೊಳವೆಬಾವಿ ಯಾರಿಗೆ, ರಸ್ತೆ ಬದಿ ಯಾರಿಗೆ, ಅಮ್ಮನನ್ನು ನೋಡಿಕೊಳ್ಳುವವರು ಯಾರು ಎಂಬುದನ್ನು ಡಿಕ್ರಿಗಿಂತ ರಾಜಿ ಪತ್ರ ಚೆನ್ನಾಗಿ ಬಗೆಹರಿಸಬಲ್ಲದು. ಆದರೆ ಎಲ್ಲ ಪಾಲುದಾರರೂ ಸಹಿ ಹಾಕಬೇಕು. ಒಬ್ಬ ತಂಗಿ ಬಿಟ್ಟುಹೋದರೂ ರಾಜಿ ಮತ್ತೆ ಕೋರ್ಟ್ ಮೆಟ್ಟಿಲು ಹತ್ತುತ್ತದೆ. ಯಾರಿಗೆ ಯಾವ ತುಂಡು ಎಂದು ಸರ್ವೆ ನಕ್ಷೆ ಸಮೇತ ಬರೆಯಿರಿ. ‘ಪೂರ್ವದ ಅರ್ಧ’ ಎಂದಷ್ಟೇ ಬರೆದ ರಾಜಿಯಿಂದ ಖಾತೆ ಬದಲಾಗುವುದಿಲ್ಲ. ದಾವೆಯಲ್ಲಿರುವ ಆಸ್ತಿಗಷ್ಟೇ ಸೀಮಿತವಾದ ರಾಜಿ ಡಿಕ್ರಿಗೆ ನೋಂದಣಿ ಬೇಕಿಲ್ಲ, ಹೊರಗಿನ ನಿವೇಶನ ಒಂದನ್ನು ಸೇರಿಸಿದರೆ ಬೇಕಾಗುತ್ತದೆ. ಲೋಕ ಅದಾಲತ್‌ನಲ್ಲಿ ಮುಗಿದರೆ ಕೋರ್ಟ್ ಫೀ ವಾಪಸು, ಮೇಲ್ಮನವಿಯೂ ಇಲ್ಲ.

ಸಾಕ್ಷ್ಯದಲ್ಲಿ ಎಡವುವ ಜಾಗಗಳು

ವಿವಾದಾಂಶ ರಚನೆಯಾದ ಮೇಲೆ ಮುಖ್ಯ ವಿಚಾರಣೆಯ ಪ್ರಮಾಣಪತ್ರ, ನಂತರ ಪಾಟಿಸವಾಲು. ಇಲ್ಲಿ ಹೊರಬರುವ ಹಳೇ ಪಾಲುಪಟ್ಟಿ ಒಂದು ತಲೆನೋವು. ಸಾಕಷ್ಟು ಮುದ್ರಾಂಕವಿಲ್ಲದ ಪತ್ರವನ್ನು ಸಾಕ್ಷ್ಯವಾಗಿ ಗುರುತು ಮಾಡಿಸಲು ಹೋದರೆ ಕೋರ್ಟ್ ಅದನ್ನು ವಶಕ್ಕೆ ಪಡೆದು, ಕರ್ನಾಟಕ ಮುದ್ರಾಂಕ ಕಾಯ್ದೆಯಂತೆ ಕೊರತೆ ಶುಲ್ಕದ ಜೊತೆ ಅದರ 10 ಪಟ್ಟು ದಂಡ ಕಟ್ಟಿಸಬಹುದು. ಪತ್ರವನ್ನು ಮುದ್ರಾಂಕದ ಜಿಲ್ಲಾ ಅಧಿಕಾರಿಗೆ ಕಳಿಸಿ ಎಂದು ಮೊದಲೇ ಕೇಳಿಕೊಂಡರೆ ದಂಡ ಕಡಿಮೆ ಮಾಡುವ ಅಧಿಕಾರ ಅವರಿಗಿದೆ. ಉಯಿಲು ತೋರಿಸುವವರು ಅದಕ್ಕೆ ಸಾಕ್ಷಿ ಹಾಕಿದ ಒಬ್ಬರನ್ನಾದರೂ ಕಟಕಟೆಗೆ ತರಬೇಕು. ವಾಟ್ಸ್ಆ್ಯಪ್ ಸಂದೇಶ ಹಾಜರುಪಡಿಸುವುದಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಲಿ.

ಕಕ್ಷಿದಾರರು ವಯಸ್ಸಾದವರು, ದಾವೆಯ ನಡುವೆ ಒಬ್ಬಿಬ್ಬರು ತೀರಿಕೊಳ್ಳುತ್ತಾರೆ. ಅವರ ವಾರಸುದಾರರನ್ನು 90 ದಿನದೊಳಗೆ ಕಡತಕ್ಕೆ ತರದಿದ್ದರೆ ಅವರ ಮಟ್ಟಿಗೆ ದಾವೆ ಬಿದ್ದುಹೋಗುತ್ತದೆ. ಅದನ್ನು ಎಬ್ಬಿಸಲು ಮತ್ತೆ 60 ದಿನ, ಅದೂ ಮೀರಿದರೆ ವಿಳಂಬ ಮನ್ನಾ ಅರ್ಜಿ, ಅದಕ್ಕೆ ಆಕ್ಷೇಪಣೆ, ಅದಕ್ಕೊಂದು ವಿಚಾರಣೆ. ಹನ್ನೊಂದನೇ ದಿನದ ಕಾರ್ಯ ಮುಗಿದ ವಾರದಲ್ಲೇ ಮರಣ ಪ್ರಮಾಣಪತ್ರವನ್ನು ವಕೀಲರಿಗೆ ತಲುಪಿಸಿದರೆ ಇಷ್ಟೂ ತಪ್ಪುತ್ತದೆ.

ಡಿಕ್ರಿ ಬಂತು, ಆಮೇಲೆ?

ಪಾಲಿನ ದಾವೆಯ ತೀರ್ಪು ಪ್ರಾಥಮಿಕ ಡಿಕ್ರಿ. ‘ವಾದಿಗೆ ನಾಲ್ಕನೇ ಒಂದು ಪಾಲು’ ಎಂದು ಅದು ಹೇಳುತ್ತದೆ, ಆ ಪಾಲು ಯಾವ ಬದುವಿನಿಂದ ಯಾವ ಬದುವಿಗೆ ಎಂದು ಹೇಳುವುದಿಲ್ಲ. ಅದಕ್ಕೆ ಅಂತಿಮ ಡಿಕ್ರಿ ಪ್ರಕ್ರಿಯೆ, ಕೋರ್ಟ್ ಭಾಷೆಯಲ್ಲಿ ಎಫ್.ಡಿ.ಪಿ., ನಡೆಯಬೇಕು. ಇದಕ್ಕೆ ಕಾಲಮಿತಿ ಇಲ್ಲ. ಹಾಗಾಗಿಯೇ ಪ್ರಾಥಮಿಕ ಡಿಕ್ರಿ ಕಬ್ಬಿಣದ ಪೆಟ್ಟಿಗೆಯಲ್ಲಿ ಕೂತುಬಿಡುತ್ತದೆ. ಬೇರೆ ಅರ್ಜಿಗೆ ಕಾಯದೆ ಕೋರ್ಟೇ ಮುಂದುವರಿಸಬೇಕು ಎಂದು 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಕಡತ ಮುಗಿದದ್ದೆಂದು ಅಭಿಲೇಖಾಲಯ ಸೇರದಂತೆ ತೀರ್ಪಿನ ದಿನವೇ ಮೆಮೊ ಹಾಕಿಸುವುದು ಒಳ್ಳೆಯದು.

ಕಂದಾಯ ಕಟ್ಟುವ ಜಮೀನಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 54ನೇ ಕಲಮಿನಂತೆ ಡಿಕ್ರಿ ಜಿಲ್ಲಾಧಿಕಾರಿಗೆ ಹೋಗುತ್ತದೆ. ಅಲ್ಲಿಂದ ತಹಶೀಲ್ದಾರರು, ಭೂಮಾಪಕರು. ಮನೆ, ನಿವೇಶನಕ್ಕೆ ಕೋರ್ಟ್ ಕಮಿಷನರ್. ಅಳತೆಯ ದಿನ ಖುದ್ದು ಸ್ಥಳದಲ್ಲಿರಿ. ಬಾವಿ, ದಾರಿ, ತೆಂಗಿನ ಮರಗಳ ಎಣಿಕೆ ಅಂದೇ ಮಹಜರಿನಲ್ಲಿ ಬರದಿದ್ದರೆ ವರದಿಗೆ ಆಕ್ಷೇಪಣೆ ಹಾಕಿ ಮತ್ತೆ ಅಳೆಸಬೇಕಾಗುತ್ತದೆ. ಕಡಿದು ಹಂಚಲಾಗದ ಸಣ್ಣ ಮನೆಯಿದ್ದರೆ 1893ರ ವಿಭಜನಾ ಕಾಯ್ದೆಯಡಿ ಮಾರಿ ಹಣ ಹಂಚಬಹುದು, ಮಾರಾಟ ಕೇಳಿದವರ ಪಾಲನ್ನು ಉಳಿದ ಪಾಲುದಾರರೇ ಕೊಳ್ಳಲೂಬಹುದು.

ಅಂತಿಮ ಡಿಕ್ರಿಯನ್ನು ಛಾಪಾ ಕಾಗದದ ಮೇಲೆ ಬರೆಸಿಕೊಳ್ಳಬೇಕು. ಅಮಲ್ಜಾರಿಗೆ, ಅಂದರೆ ಡಿಕ್ರಿಯನ್ನು ಜಾರಿ ಮಾಡಿಸಲು, ಇರುವ 12 ವರ್ಷದ ಗಡುವು ಶುರುವಾಗುವುದು ಡಿಕ್ರಿಯ ದಿನದಿಂದ, ನೀವು ಛಾಪಾ ಕಾಗದ ಕೊಟ್ಟ ದಿನದಿಂದಲ್ಲ. ಅಮಲ್ಜಾರಿ ಅರ್ಜಿಯನ್ನು 6 ತಿಂಗಳಲ್ಲಿ ಮುಗಿಸಬೇಕೆಂದು ಬೆಂಗಳೂರಿನ ಜಮೀನಿನ ವ್ಯಾಜ್ಯವೊಂದರಲ್ಲೇ, 2021ರ ರಾಹುಲ್ ಶಾ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಆದೇಶಿಸಿತು. 2025ರಲ್ಲಿ ಅದೇ ಕೋರ್ಟ್ ಲೆಕ್ಕ ಕೇಳಿದಾಗ ದೇಶದಲ್ಲಿ ಬಾಕಿಯಿದ್ದ ಇಂಥ ಅರ್ಜಿಗಳು 8.8 ಲಕ್ಷ ಮೀರಿದ್ದವು. ಆ 6 ತಿಂಗಳ ಆದೇಶವನ್ನು ಅರ್ಜಿಯಲ್ಲೇ ಉಲ್ಲೇಖಿಸಿ. ಬೆಳೆ ನಿಂತಿರುವ ಕಾಲದಲ್ಲಿ ಸ್ವಾಧೀನ ಕೇಳಿದರೆ ಅದೊಂದು ಹೊಸ ತಕರಾರು, ಕೊಯ್ಲು ಮುಗಿದ ಮೇಲಿನ ದಿನ ಕೇಳುವುದು ಜಾಣತನ.

ಕೋರ್ಟಿನ ಅಮೀನರು ಸ್ವಾಧೀನ ಕೊಟ್ಟ ವರದಿ, ಅಂತಿಮ ಡಿಕ್ರಿ, ನಕ್ಷೆ ಮೂರನ್ನೂ ಇಟ್ಟು ತಾಲ್ಲೂಕು ಕಚೇರಿಯಲ್ಲಿ ಖಾತೆ ಬದಲಾವಣೆಗೆ, ಪೋಡಿಗೆ ಅರ್ಜಿ ಕೊಡಿ. ಹೊಸ ಹಿಸ್ಸಾ ನಂಬರಿನ ಪಹಣಿ ಬಂದಾಗ 9ನೇ ಕಲಂ ಒಂದನ್ನೇ ನೋಡಿ ಮಡಚಿಡಬೇಡಿ. ವರ್ಷಗಳ ಹಿಂದೆ ನೀವೇ ಹಾಕಿಸಿದ ತಡೆಯಾಜ್ಞೆಯ ನಮೂದು 11ನೇ ಕಲಂನಲ್ಲಿ ಹಾಗೇ ಉಳಿದಿದ್ದರೆ ಬ್ಯಾಂಕು ಬೆಳೆಸಾಲ ಕೊಡುವುದಿಲ್ಲ. ಅದನ್ನು ತೆಗೆಸಲು ದಾವೆ ಮುಗಿದ ಆದೇಶದ ದೃಢೀಕೃತ ನಕಲು ಹಚ್ಚಿ ಪ್ರತ್ಯೇಕ ಅರ್ಜಿ ಕೊಡಬೇಕು.