ವೇಷದ ಹಿಂದೆ ಕೂತವರು

ಕಾಸರಗೋಡಿನ ನಮ್ಮ ಕಡೆ ಯಾವ ಮನೆಗೆ ಹೋದರೂ ಯಕ್ಷಗಾನದ ಆಟದ ಒಂದು ಹಳೆಯ ಫೋಟೋ ಸಿಗುತ್ತದೆ. ಕಿರೀಟ, ಭುಜಕೀರ್ತಿ, ಮುಖದ ಬಣ್ಣ ಎಲ್ಲ ಚೆನ್ನಾಗಿ ಬಂದಿರುತ್ತದೆ. ಹಿಂದೆ ಕೂತು ಹಾಡುವ ಭಾಗವತರದ್ದು ಅರ್ಧ ಮುಂಡಾಸು ಮಾತ್ರ. ಮದ್ದಳೆಯವರದ್ದು ಎರಡು ಕೈ. ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿಗೆ ಅಷ್ಟೊಂದು ಪ್ರಸಂಗ ಬರೆದುಕೊಟ್ಟ ಪಾರ್ತಿಸುಬ್ಬ ನಮ್ಮ ಕುಂಬಳೆಯವನು. ಅಂಥ ಸೀಮೆಯಲ್ಲಿ ರಾತ್ರಿಯಿಡೀ ಹಾಡಿದವರ, ಬಾರಿಸಿದವರ ಒಂದು ಸರಿಯಾದ ಚಿತ್ರ ಇಲ್ಲವಲ್ಲ ಎಂದು ನನಗೆ ತುಂಬ ದಿನದಿಂದ ಸಂಕಟವಿತ್ತು. ಅವರದ್ದೇ ಒಂದು ಪ್ರದರ್ಶನ ಮಾಡೋಣ ಎಂದು ನಾವು ನಾಲ್ಕು ಜನ ಹೊರಟೆವು. ಜಾಗ, ಊರಿನ ವಾಚನಾಲಯದ ಮೇಲಿನ ಕೋಣೆ.

ದಿನ ಗೊತ್ತು ಮಾಡುವುದೇ ಕಷ್ಟವಾಯಿತು. ದೀಪಾವಳಿಯ ನಂತರ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟರೆ, ಅದು ಮುಗಿಯುವ ಪತ್ತನಾಜೆಯವರೆಗೆ ಕಲಾವಿದರು ಮನೆಯಲ್ಲಿ ಸಿಗುವುದಿಲ್ಲ. ಪತ್ತನಾಜೆ ಬರುವುದು ಮೇ 24ರ ಆಸುಪಾಸಿನಲ್ಲಿ. ಅದು ಕಳೆದು ಒಂದು ವಾರಕ್ಕೆ ಮಳೆಗಾಲ. ಮಳೆ ಹಿಡಿದರೆ ಚೆಂಡೆ, ಮದ್ದಳೆಯ ಚರ್ಮ ತಂಪು ಕುಡಿದು ಸಡಿಲಾಗುತ್ತದೆ, ಫೋಟೋಕ್ಕೆ ಬೂಸ್ಟು ಬರುತ್ತದೆ. ನಡುವೆ ಸಿಕ್ಕಿದ ಆ ನಾಲ್ಕೈದು ದಿನವನ್ನೇ ಹಿಡಿದೆವು. ಫೋಟೋ, ಕ್ಯಾಸೆಟ್ಟು ಒಟ್ಟು ಮಾಡುವ ಕೆಲಸವನ್ನು ಚಳಿಗಾಲದಲ್ಲೇ ಶುರು ಮಾಡಿದ್ದೆವು.

ಕಟ್ಟು ಹಾಕಿದ ಹಳೆಯ ಫೋಟೋ ಎಷ್ಟೋ ಸಲ ಗಾಜಿಗೆ ಅಂಟಿಕೊಂಡಿರುತ್ತದೆ. ಅದನ್ನು ಬಿಡಿಸಲು ಹೋಗಬೇಡಿ. ಮೇಲಿನ ಪದರವೇ ಕಿತ್ತು ಬರುತ್ತದೆ. ಗಾಜನ್ನು ಮೆತ್ತಗೆ ಒರೆಸಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿದರೆ ಸಾಕು. ನಾವು 600 ಡಿಪಿಐಯಲ್ಲಿ ಮಾಡಿದೆವು. ವಾಟ್ಸಾಪಿನಲ್ಲಿ ಕಳಿಸಿದ ಚಿತ್ರ ದೊಡ್ಡದು ಮಾಡಿದರೆ ಒಡೆಯುತ್ತದೆ. ಅದಕ್ಕೇ ಪ್ರತಿ ಮನೆಗೂ ನಾವೇ ಸ್ಕ್ಯಾನರ್ ಹೊತ್ತುಕೊಂಡು ಹೋದೆವು. ಹಾಗೆ ಹೋದದ್ದೇ ಒಳ್ಳೆಯದಾಯಿತು. ಫೋಟೋ ಹುಡುಕುವಾಗ ಅಟ್ಟದಿಂದ ಜಾಗಟೆ ಬಂತು, ಕರಪತ್ರ ಬಂತು, ಬಿಸ್ಕತ್ತಿನ ಡಬ್ಬಿ ತುಂಬ ಕ್ಯಾಸೆಟ್ಟು ಬಂತು.

ಕ್ಯಾಸೆಟ್ಟಿನ ಸುರುಳಿಯ ಮೇಲೆ ಬಿಳಿ ಬೂಸ್ಟು ಕಂಡರೆ ಪ್ಲೇಯರಿಗೆ ಹಾಕಲೇಬಾರದು. ಅದು ಸುರುಳಿ ಓದುವ ಹೆಡ್ಡಿಗೆ ಹತ್ತಿ ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಅಂಥವನ್ನು ಬೇರೆ ಇಟ್ಟೆವು. ಕೆಲವದರಲ್ಲಿ ಸುರುಳಿ ಚೆನ್ನಾಗಿತ್ತು, ಅದನ್ನು ಹೆಡ್ಡಿಗೆ ಒತ್ತುವ ಸಣ್ಣ ಮೆತ್ತೆ ಮಾತ್ರ ಉದುರಿತ್ತು. ಸ್ಕ್ರೂ ಬಿಚ್ಚಿ ಸುರುಳಿಯನ್ನು ಬೇರೆ ಚಿಪ್ಪಿಗೆ ಹಾಕಿದಾಗ ಸ್ವರ ಬಂತು. ಪ್ಲೇಯರಿನಿಂದ ಲ್ಯಾಪ್‌ಟಾಪಿಗೆ ಒಂದು ಕೇಬಲ್, ಪುಕ್ಕಟೆ ಸಿಗುವ ಆಡಾಸಿಟಿ ಎಂಬ ತಂತ್ರಾಂಶ, ಇಷ್ಟೇ ಸಲಕರಣೆ. ಗರಗರ ಶಬ್ದವನ್ನು ಪೂರ್ತಿ ತೆಗೆಯಲು ಹೋದರೆ ಚೆಂಡೆಯ ಪೆಟ್ಟೂ ಮಂಕಾಗುತ್ತದೆ. ಸ್ವಲ್ಪ ಗರಗರ ಇರಲಿ ಎಂದು ಬಿಟ್ಟೆವು.

ನಿಜವಾದ ಕೆಲಸ ಅಂದರೆ ಹೆಸರು ಹುಡುಕುವುದು. ಒಂದು ಹಳೆಯ ಕರಪತ್ರದಲ್ಲಿ 'ಬಲಿಪ ನಾರಾಯಣ ಭಾಗವತ' ಎಂದಿತ್ತು. 1938ರಲ್ಲಿ ಪಡ್ರೆಯಲ್ಲಿ ಹುಟ್ಟಿ 2023ರಲ್ಲಿ ತೀರಿಕೊಂಡ ಬಲಿಪರು ಎಂದು ಚೀಟಿ ಬರೆದೂ ಆಗಿತ್ತು. ಓದಿದ ಹಿರಿಯರೊಬ್ಬರು, "ಮಗಾ, ಇದು ಅವರ ಅಜ್ಜ ಅಲ್ವಾ? ಅಜ್ಜನಿಗೂ ಇದೇ ಹೆಸರು" ಎಂದರು. ಕರಪತ್ರದ ಇಸವಿ ನೋಡಿದರೆ ಮೊಮ್ಮಗ ಆಗ ಇನ್ನೂ ಸಣ್ಣ ಹುಡುಗ. ಆಮೇಲೆ ಯಾವ ಚೀಟಿಯನ್ನೂ ಇಬ್ಬರು ಹಿರಿಯರಿಗೆ ತೋರಿಸದೆ ಗೋಡೆಗೆ ಹಾಕಲಿಲ್ಲ.

ಇನ್ನೊಂದು ಫೋಟೋದಲ್ಲಿ ಮದ್ದಳೆಗಾರರ ಮುಖ ವೇಷದ ಹಿಂದೆ ಮರೆಯಾಗಿತ್ತು. ಮೇಳದಲ್ಲಿ ಬಹಳ ವರ್ಷ ಚೆಂಡೆ ಬಾರಿಸಿದವರೊಬ್ಬರು ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಎಡಗಾಲು ಹೀಗೆ ಮಡಿಸಿ ಕೂರುವುದು ಅವನೊಬ್ಬನೇ" ಎಂದು ಹೆಸರು ಹೇಳಿದರು. ಆ ಮನೆಯವರನ್ನು ಹುಡುಕಿ ಕೇಳಿದೆವು, ಸರಿಯಾಗಿತ್ತು. ಆ ಮನೆಯವರ ಹತ್ತಿರ ಮದ್ದಳೆಗಾರರದ್ದು ಬೇರೆ ಫೋಟೋವೇ ಇರಲಿಲ್ಲ.

ಯಕ್ಷಗಾನಕ್ಕೇ ನಿಲ್ಲಿಸಬಾರದು ಎಂದು ನಾನು ಹಟ ಹಿಡಿದೆ. ಭೂತದ ಕೋಲದಲ್ಲಿ ತೆಂಬರೆ ಎಂಬ ಚರ್ಮವಾದ್ಯ ಬಡಿದು, ತುಳುವಿನ ಕಥನಹಾಡಾದ ಪಾಡ್ದನ ಹೇಳುವ ಹೆಂಗಸರೂ ಫೋಟೋದಲ್ಲಿ ಹೀಗೇ ಅಂಚಿಗೆ ಹೋದವರು. ಮದುವೆಯ ಬ್ಯಾಂಡ್ ಸೆಟ್ಟಿನವರು, ಜಾತ್ರೆಯ ರಸಮಂಜರಿಗೆ ಹಾರ್ಮೋನಿಯಂ, ತಬಲ ನುಡಿಸಿದವರು, ಭಜನಾ ಮಂದಿರದವರು, ಎಲ್ಲರಿಗೂ ಗೋಡೆ ಕೊಟ್ಟೆವು. ತಳಂಗರೆಯ ಕವಿ ಟಿ. ಉಬೈದ್ ಅವರ ಊರಿನಲ್ಲಿ ಮುಸ್ಲಿಮರ ಮಾಪಿಳ್ಳೆ ಹಾಡು ಬಿಟ್ಟು ಪ್ರದರ್ಶನ ಮಾಡುವುದು ಹೇಗೆ? ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರನ್ನು ಸಂವಿಧಾನದ ಕುರಿತಾದ 1973ರ ಸುಪ್ರೀಂ ಕೋರ್ಟಿನ ತೀರ್ಪಿನಿಂದ ದೇಶವೇ ಬಲ್ಲದು. ಅವರು ಭಾಗವತಿಕೆಯನ್ನೂ ಮಾಡುತ್ತಿದ್ದರು. ನಮ್ಮ ಗೋಡೆಯ ಮೇಲೆ ಅವರು ಹಾಡುಗಾರರಾಗಿಯೇ ಬಂದರು.

ಮೊದಲು ಫ್ಲೆಕ್ಸಿನಲ್ಲಿ ಪ್ರಿಂಟ್ ಹಾಕಿಸಿದ್ದೆವು. ಟ್ಯೂಬ್‌ಲೈಟಿನ ಬೆಳಕಿಗೆ ಅದು ಹೊಳೆದು ಮುಖಗಳೇ ಕಾಣಲಿಲ್ಲ. ದುಡ್ಡು ಹೋಯಿತು. ಹೊಳಪಿಲ್ಲದ ಕಾಗದದಲ್ಲಿ ಮತ್ತೆ ಹಾಕಿಸಿ ಸನ್‌ಬೋರ್ಡ್ ಎಂಬ ಹಗುರ ಹಲಗೆಗೆ ಅಂಟಿಸಿದೆವು. ಚೀಟಿಗಳು ಕನ್ನಡ, ಮಲಯಾಳ ಎರಡರಲ್ಲೂ ಇದ್ದವು, ಅಕ್ಷರ ಅಜ್ಜಂದಿರಿಗೂ ಕಾಣುವಷ್ಟು ದೊಡ್ಡದು. ವಾದ್ಯ ಕೊಟ್ಟವರಿಗೆ ಫೋಟೋ ಸಮೇತ ರಸೀದಿ ಕೊಟ್ಟೆವು, ನಮ್ಮ ಹತ್ತಿರ ಒಂದು ಪ್ರತಿ ಇಟ್ಟುಕೊಂಡೆವು. ಹೆಡ್‌ಫೋನ್ ಇಟ್ಟಿದ್ದೆವು, ಹಿರಿಯರು ಮುಟ್ಟಲಿಲ್ಲ. ಎರಡನೇ ದಿನ ಅದನ್ನು ತೆಗೆದು, ಚಾಪೆ ಹಾಸಿ, ಒಂದು ಸಣ್ಣ ಸ್ಪೀಕರ್ ಇಟ್ಟೆವು. ಜನ ಕೂತು ಕೇಳಿದರು. ಕ್ಯಾಸೆಟ್ಟಿನ ಪದಕ್ಕೆ ಒಬ್ಬರು ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ನೋಡಿದರೆ ಆ ಪದಕ್ಕೆ ಮದ್ದಳೆ ಬಾರಿಸಿದ್ದು ಅವರೇ.

ಕೊನೆಯ ದಿನ ಮಧ್ಯಾಹ್ನವೇ ಮಳೆ ಬಂತು. ಮೊದಲು ಚೆಂಡೆ, ಮದ್ದಳೆಗಳನ್ನು ಕಂಬಳಿ ಸುತ್ತಿ ಜೀಪಿನಲ್ಲಿ ಮನೆಮನೆಗೆ ಮುಟ್ಟಿಸಿದೆವು. ಕೆಲವು ಫೋಟೋಗಳಿಗೆ ಇನ್ನೂ ಹೆಸರು ಸಿಕ್ಕಿಲ್ಲ. ಅವುಗಳ ಪ್ರತಿಗಳು ನನ್ನ ಚೀಲದಲ್ಲೇ ಇವೆ. ದೀಪಾವಳಿ ಕಳೆದು ಮೇಳ ಹೊರಟ ಮೇಲೆ, ನಮ್ಮ ಕಡೆ ಆಟ ಇದ್ದ ದಿನ ಸ್ವಲ್ಪ ಬೇಗ, ವೇಷ ಕಟ್ಟುವ ಚೌಕಿಗೆ ಹೋಗಿ ಹಿರಿಯ ಕಲಾವಿದರಿಗೆ ತೋರಿಸುತ್ತೇನೆ.